ನಡಾವಳಿಯಲ್ಲಿ ಬರೆಯದೆ ಬಿಟ್ಟದ್ದು

ಐಕ್ಯ ಸಮಿತಿ, ಹುಮನಾಬಾದ್. ಜನವರಿ, ಪ್ರಾರ್ಥನಾ ವಾರ.
ಕಾರ್ಯದರ್ಶಿ ನಾನು, ಪ್ರಭುದಾಸ ಚಿಮಕೋಡೆ,
ನಿವೃತ್ತ ಗಣಿತ ಮಾಸ್ತರ, ಮೆಥೋಡಿಸ್ಟ್.
ಅಕ್ಷರ ಚಂದ ಅವ ಅಂತ
ಹನ್ನೊಂದು ವರ್ಷದಿಂದ ಈ ವಹಿ ನನ್ನ ಕೊರಳಿಗೆ.

ವಿಷಯ ಒಂದು: ಕ್ರಿಸ್‌ಮಸ್ ಮೆರವಣಿಗೆ.
ಒಂದೇ ನಕ್ಷತ್ರ, ಒಂದೇ ಟ್ರ್ಯಾಕ್ಟರ್. ಸರ್ವಾನುಮತ.

ವಿಷಯ ಎರಡು: ಸಮಾಧಿ ಭೂಮಿ.
ನಮ್ಮ ಬೇಲಿಯೊಳಗ ಅವರಿಗೂ ಜಾಗ.
ಮಲಗಿದವರಿಂದ ತಕರಾರು ಬಂದಿಲ್ಲ,
ಹಿಂಗಾಗಿ ಇದೂ ಪಾಸು.

ವಿಷಯ ಮೂರು: ಕರ್ತನ ಪ್ರಾರ್ಥನೆ.
ಕೇಡಿನ ಮಾತು ಬರೂತ್ಲೆ ಅವರದು ಮುಗೀತದ.
ನಾವು ಇನ್ನೊಂದು ಸಾಲು ಮುಂದ ಹೋಗ್ತೀವಿ,
ಸ್ಟೇಷನ್ ಬಂದರೂ ಇಳೀದವರ ಹಂಗ.
ಅವರು ಕೈ ಮುಗಿದುಕೊಂಡೇ
ನಮ್ಮ ಆಮೆನ್ ಬರೂ ತನಕ ಕಾಯ್ತಾರ.
ಸಿಸ್ಟರ್ ಲೀಮಾ ಅಂದರು: ಆ ಕಾಯೋದೂ ಪ್ರಾರ್ಥನೆನೇ.
ಬರಕೊಂಡೆ. ಆಮ್ಯಾಲ ಹೊಡೆದು ಹಾಕಿದೆ.
ನಡಾವಳಿಯೊಳಗ ಇಂಥ ಮಾತಿಗೆ ಕಾಲಂ ಇಲ್ಲ.

ವಿಷಯ ನಾಲ್ಕು: ಒಂದೇ ರೊಟ್ಟಿ, ಒಂದೇ ಪಾತ್ರೆ.
ಹಿಂದಿನ ಪುಟ ತಿರುವಿದರ
ಹತ್ತು ಸಲ ನನ್ನದೇ ಕೈಬರಹ:
'ದೀರ್ಘ ಚರ್ಚೆಯ ನಂತರ ಮುಂದೂಡಲಾಯಿತು.'
ಪಾಸ್ಟರ್ ದೇವದಾನರು ದ್ರಾಕ್ಷಿರಸ ಅಂತಾರ,
ಫಾದರ್ ಹಿಲರಿ ದ್ರಾಕ್ಷಾರಸ ಅಂತಾರ.
ಒಂದು ಗುಡಿಸು, ಒಂದು ಇಳಿ, ಅಷ್ಟೇ ಫರಕು
ಅಂದುಕೊಂಡಿದ್ದೆ ನಾನು ಮೊದಲನೇ ವರ್ಷ.
ಫಾದರ್ ತಮ್ಮ ಮಂಗಳೂರಿನ ಶುದ್ಧ ಕನ್ನಡದಾಗ ಮೆತ್ತಗ ಹೇಳಿದರು:
'ನನ್ನ ಕೈಯಲ್ಲಿದ್ದರೆ ಇವತ್ತೇ ಕೊಡುತ್ತಿದ್ದೆ, ಮಾಸ್ತರರೇ.
ನನ್ನ ಕೈಯಲ್ಲಿ ಇಲ್ಲ.'
ಪಾಸ್ಟರ್ ಸುಮ್ಮನ ತಮ್ಮ ಕೈ ನೋಡಿಕೊಂಡರು.
ಹನ್ನೊಂದನೇ ಸಲ ಪೆನ್ನಿನ ಟೊಪ್ಪಿಗಿ ಬಿಚ್ಚಿದೆ.

ಸಭಾ ಮುಗಿದ ಮ್ಯಾಲ
ಬಸ್ ಸ್ಟ್ಯಾಂಡಿನ ಎದುರಿಗೆ ಖಾಜಾಮಿಯಾನ ಹೋಟೆಲು.
ಚಳಿ. ಬೆಂಚಿನ ತುಂಬ ಯಾರೋ ತಿಂದು ಬಿಟ್ಟ ಸುಲಗಾಯಿ ಸಿಪ್ಪಿ.
'ಹಾಲು ಮುಗದಾದ್ರೀ, ಒಂದೇ ಚಹಾ ಆಗ್ತದ' ಅಂದ ಹುಡುಗ.
ನನಗ ಬ್ಯಾಡ ಅಂದೆ.
ಪಾಸ್ಟರ್ ಅರ್ಧ ಬಸಿಗೆ ಸುರುವಿಕೊಂಡು
ಕಪ್ಪು ಫಾದರ್ ಕಡೆ ಸರಿಸಿದರು.
ಚರ್ಚೆ ಆಗಲಿಲ್ಲ.
ಒಬ್ಬರು ಊದಿ ಊದಿ, ಇನ್ನೊಬ್ಬರು ಸುರ್ ಅಂತ,
ಒಂದೇ ಚಹಾ.

ನನಗ ಅಜ್ಜ ನೆನಪಾದ.
ಇದೇ ರಸ್ತೆಯಾಗ, ಇಂಥದೇ ಒಂದು ಹೋಟೆಲಿನಾಗ
ನಮ್ಮ ಓಣಿಯವರಿಗೆ ಬ್ಯಾರೆ ಕಪ್ಪು ಇತ್ತು,
ಕಿವಿ ಮುರಿದದ್ದು, ಹಿಂದಿನ ಕಿಡಕಿಯಾಗ ಬೋರಲು ಹಾಕಿದ್ದು.
ಕುಡಿದು ತಾವೇ ತೊಳದಿಡಬೇಕು,
ರೊಕ್ಕ ದೂರ ನಿಂತು ಒಗೀಬೇಕು.
ಫಾದರ್ ಸಭೆಯ ಡೊಮಿನಿಕ ಶರಣಪ್ಪ ಅದಾನಲ್ಲ,
ಅವನ ಅಜ್ಜನೂ ಅದೇ ಕಪ್ಪಿನಾಗೇ ಕುಡಿದಾವ.
ಅವಾಗ
ನಮ್ಮ ಪಾತ್ರೆ ಒಂದೇ ಇತ್ತು.

ದೀಕ್ಷಾಸ್ನಾನ ಆದ ದಿನ
ಪಾದ್ರಿ ಬೆಳ್ಳಿ ಬಟ್ಟಲು ತುಟಿ ತನಕ ತಂದರ
ಅಜ್ಜ ಬಾಯಿ ತೆರೀಲಿಲ್ಲಂತ.
'ದೊರಿಸಾನಿ ಇದರಾಗೇ ಕುಡದಾಳೇನ್ರೀ?'
ಹೌದು ಅಂದ ಮ್ಯಾಲೇ ತೆರೆದ.
ಅವ ಓದಿದ ವೇದ ಅಷ್ಟೇ.

ಹುಡುಗ ಬಂದು ಕಪ್ಪು, ಬಸಿ ಎರಡೂ ಎತ್ತಿ
ಒಂದೇ ಬಕೀಟಿನ ನೀರಾಗ ಅದ್ದಿದ.
'ಇದನ್ನೂ ಬರೀಲೇನು?' ಕೇಳಿದೆ.
ಪಾಸ್ಟರ್ ನಕ್ಕರು. ಫಾದರ್ ನಗಲಿಲ್ಲ,
ಬಸಿ ಇಟ್ಟ ಜಾಗದ ಒದ್ದಿ ಉಂಗುರ
ಬಟ್ಟಿನಿಂದ ಒರಸಿ
'ಬಸ್ ಬಂತು' ಅಂದರು.

ರಾತ್ರಿ ವಹಿ ತೆರೆದು ಕೂತೆ.
ವಿಷಯ ನಾಲ್ಕು, ಮುಂದೂಡಲಾಯಿತು.
ಕೆಳಗ ಖರ್ಚಿನ ಕಾಲಂ. ಅದಕ್ಕೆ ಕಾಲಂ ಅದ.
ಚಹಾ ಒಂದು, ಜನ ಇಬ್ಬರು, ರೂಪಾಯಿ ಹದಿನೈದು.
ನಲವತ್ತು ವರ್ಷ ಲೆಕ್ಕ ಕಲಿಸಿದಾವ ನಾನು.
ಈ ಹದಿನೈದು ರೂಪಾಯಿ
ಯಾವ ಸಭೆಯ ಹೆಸರಿಗೆ ಹಚ್ಚಲಿ,
ತಿಳೀವಲ್ದು.